ಅತ್ತಿಗೆಯ ಕಾಲಿನ ಅಳತೆ

ನಮ್ಮ ಅತ್ತಿಗೆ ದರ್ಜಿ. ಊರಿನ ಅರ್ಧ ಜನರ ಸೊಂಟದ ಗುಟ್ಟು ಅವರಿಗೆ ಗೊತ್ತು. ಬಾಯಿ ಬಿಟ್ಟರೆ ಎಷ್ಟು ಜನರ ಮಾನ ಹೋದೀತೋ, ಆದರೆ ಮಾನ ಮುಚ್ಚುವುದೇ ಅವರ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಪಕ್ಕ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರ, ನಡುವೆ ಬಟ್ಟೆ ಕತ್ತರಿಸುವ ಎತ್ತರದ ಮೇಜು, ಗೋಡೆಯ ತುಂಬ ತೋಳಿಲ್ಲದ ಕೋಟುಗಳು, ಕೋಟಿಲ್ಲದ ತೋಳುಗಳು.

ಅಳತೆ ತೆಗೆಯುವುದರಲ್ಲಿ ಅವರದೇ ಒಂದು ಪದ್ಧತಿ. ‘ನೆಟ್ಟಗೆ ನಿಂತ್ಕೊಳ್ಳಿ’ ಎಂದು ಯಾರಿಗೂ ಹೇಳುವುದಿಲ್ಲ. ಹೇಳಿದರೆ ಗಿರಾಕಿ ಹೊಟ್ಟೆ ಒಳಗೆಳೆದು, ಎದೆ ಉಬ್ಬಿಸಿ, ತಾನಲ್ಲದ ಇನ್ಯಾರೋ ಆಗಿ ನಿಲ್ಲುತ್ತಾನೆ. ಆಮೇಲೆ ಅಂಗಿ ಆ ಇನ್ಯಾರಿಗೋ ಸರಿಹೋಗುತ್ತದೆ. ಅದಕ್ಕೇ ಅತ್ತಿಗೆ ಮೊದಲು ಮಾತಿಗೆಳೆಯುತ್ತಾರೆ. ‘ನಿಮ್ಮ ಪಕ್ಕದ ಮನೆಯವರು ನಾಯಿ ತಂದ್ರಂತಲ್ಲ?’ ಎಂದರೆ ಸಾಕು. ಗಿರಾಕಿ ಸಿಟ್ಟಿನಲ್ಲಿ ಮೈಮರೆಯುತ್ತಾನೆ, ಹೊಟ್ಟೆ ಸ್ವಸ್ಥಾನಕ್ಕೆ ಮರಳುತ್ತದೆ, ಟೇಪು ತನ್ನ ಕೆಲಸ ಮುಗಿಸಿಕೊಳ್ಳುತ್ತದೆ.

‘ಎರಡು ಭುಜ ಒಂದೇ ಸಮ ಇರೋ ಮನುಷ್ಯನ್ನ ನಾನಿನ್ನೂ ನೋಡಿಲ್ಲಪ್ಪ’ ಎನ್ನುವುದು ಅವರ ಮಾತು. ಅದನ್ನು ಅವರೇ ಮರೆತದ್ದು ಹೇಗೆ ಎಂಬುದೇ ಈ ಕಥೆ.

ಅಣ್ಣ ನಕ್ಷೆ ಬರೆಯುತ್ತಿದ್ದವನು. ಕಟ್ಟಡದ ಗೆರೆ, ಕೋನ, ಮೂಲೆಗಳಲ್ಲೇ ಬದುಕಿದವನಿಗೆ ಕಣ್ಣಿನ ನರದ ಕಾಯಿಲೆ ಬಂತು. ಮುಕ್ಕಾಲು ದೃಷ್ಟಿ ಹೋಗಿ ಕಾಲು ಉಳಿಯಿತು. ‘ಕಾಲು ಉಳಿದಿದೆಯಲ್ಲ, ಸೈಕಲ್ಲಿಗೆ ಅಷ್ಟೇ ಬೇಕಾಗಿರೋದು’ ಎಂದು ನಗುತ್ತಿದ್ದ. ಹುಡುಗನಾಗಿದ್ದಾಗಿನಿಂದ ಅವನಿಗೆ ಸೈಕಲ್ಲಿನ ಹುಚ್ಚು. ಆದರೆ ನಿಂತಿದ್ದ ಹಾಲಿನ ವ್ಯಾನಿಗೆ ಹೋಗಿ ಗುದ್ದಿದ ಮೇಲೆ ಆ ನಗುವೂ ನಿಂತಿತು. ಕಿಟಕಿಯ ಪಕ್ಕದ ಬೆತ್ತದ ಕುರ್ಚಿಯಲ್ಲಿ ಕೂತು, ಓದಲಾಗದ ಪತ್ರಿಕೆಯನ್ನು ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಇಷ್ಟೇ.

ಅತ್ತಿಗೆ ಸ್ವಲ್ಪ ಕಾಲ ಇದನ್ನು ನೋಡಿದರು. ಆಮೇಲೆ ಒಂದು ದಿನ ಸೈಕಲ್ ಅಂಗಡಿಗೆ ಹೋಗಿ ಜೋಡಿ ಸೈಕಲ್ ತಂದರು, ಒಂದರ ಹಿಂದೊಂದು ಸೀಟು, ಎರಡು ಜೊತೆ ಪೆಡಲ್ ಇರುವಂಥದ್ದು. ಅಂಗಡಿಯವನನ್ನು ಎಲ್ಲರೂ ಗಾಳಿ ಮಾಸ್ತರ ಎನ್ನುತ್ತಾರೆ. ಚಕ್ರಕ್ಕೂ ಗಾಳಿ ತುಂಬುತ್ತಾನೆ, ಮಾತಿಗೂ. ಮುಂದಿನ ಸೀಟು, ಹ್ಯಾಂಡಲ್, ಬ್ರೇಕು ಅತ್ತಿಗೆಯದು. ಹಿಂದಿನ ಸೀಟು ಮತ್ತು ಶಕ್ತಿ ಅಣ್ಣನದು.

‘ಮದುವೆಯಾದಾಗಿನಿಂದ ಹೀಗೇ ಅಲ್ವಾ ನಡೀತಿರೋದು? ಈಗ ಚಕ್ರ ಬಂತು, ಅಷ್ಟೆ’ ಎಂದ ಅಣ್ಣ.

ತೊಂದರೆ ಪೆಡಲಿನಿಂದ ಶುರುವಾಯಿತು. ಜೋಡಿ ಸೈಕಲ್ಲಿನಲ್ಲಿ ಒಬ್ಬರು ತುಳಿದರೆ ಇನ್ನೊಬ್ಬರ ಪೆಡಲೂ ತಿರುಗುತ್ತದೆ. ಹಿಂದೆ ಅಣ್ಣ ಹುರುಪಿನಿಂದ ತುಳಿದಾಗೆಲ್ಲ ಮುಂದೆ ಅತ್ತಿಗೆಯ ಕಾಲು ಜಾರಿ, ಪೆಡಲು ಬಂದು ಮೊಣಕಾಲಿನ ಕೆಳಗೆ ಬಡಿಯುತ್ತಿತ್ತು. ಇದಕ್ಕೆ ಗಾಳಿ ಮಾಸ್ತರ ಕೊಟ್ಟ ಮದ್ದು ಕಚ್ಚುವ ಬೂಟು, ಇಬ್ಬರಿಗೂ ಒಂದೊಂದು ಜೊತೆ. ಬೂಟಿನ ಅಡಿಗೆ ಕ್ಲೀಟ್ ಎಂಬ ಒಂದು ಗಟ್ಟಿ ತುಂಡನ್ನು ಸ್ಕ್ರೂ ಹಾಕಿ ಕೂರಿಸುತ್ತಾರೆ. ಪೆಡಲಿನ ಮೇಲೆ ಕಾಲಿಟ್ಟು ಒತ್ತಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಬಿಡಿಸಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಮೇಲಕ್ಕೆ ಎಳೆದರೆ ಜಪ್ಪಯ್ಯ ಎಂದರೂ ಬಿಡುವುದಿಲ್ಲ.

ಇದು ಅತ್ತಿಗೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ. ಬೇಕರಿಯ ಮುಂದೆ ಕೆಂಪು ದೀಪ ಬಿತ್ತು, ಅತ್ತಿಗೆ ಬ್ರೇಕ್ ಹಿಡಿದರು, ಸೈಕಲ್ ನಿಂತಿತು, ಕಾಲು ಮೇಲಕ್ಕೆ ಎಳೆದರು. ಆಮೇಲೆ ಇಬ್ಬರೂ, ಯಾವ ಅವಸರವೂ ಇಲ್ಲದೆ, ಬೀರು ವಾಲಿದಂತೆ ವಾಲಿ ನೆಲಕ್ಕೊರಗಿದರು.

‘ಏನಾಯ್ತೇ?’ ಎಂದ ಅಣ್ಣ, ಮಲಗಿದಲ್ಲಿಂದಲೇ.

‘ಬಿದ್ವಿ ಕಣ್ರೀ.’

‘ಅದು ಗೊತ್ತಾಯ್ತು. ಎಲ್ಲಿ?’

‘ಬೇಕರಿ ಮುಂದೆ.’

‘ಹಾಗಾದ್ರೆ ನಾಲ್ಕು ಬನ್ ತಗೊಂಡೇ ಏಳು.’

ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ನಮ್ಮಣ್ಣನದು ನಿಜಕ್ಕೂ ಮಣ್ಣಾಗಿತ್ತು. ಅತ್ತಿಗೆ ಟೊಂಕ ಕಟ್ಟಿ ಹಟಕ್ಕೆ ಬಿದ್ದರು. ಸೈಕಲ್ಲನ್ನು ಹಿತ್ತಲ ಗೋಡೆಗೆ ಒರಗಿಸಿಕೊಂಡು ಕಚ್ಚಿಸುವುದು, ತಿರುಚುವುದು, ಬಿಡಿಸುವುದು. ಕೊನೆಗೆ ಅಭ್ಯಾಸ ಎಷ್ಟು ಮೈಗೂಡಿತೆಂದರೆ ಹೊಲಿಗೆ ಯಂತ್ರದಿಂದ ಏಳುವಾಗಲೂ ಹಿಮ್ಮಡಿ ತಿರುಚಿಯೇ ಏಳುತ್ತಿದ್ದರು. ಗಿರಾಕಿಗಳು ಇದೇನೋ ಹೊಸ ನಾಟ್ಯ ಎಂದುಕೊಂಡರು.

ಬೀಳುವುದು ನಿಂತಿತು. ನೋವು ಶುರುವಾಯಿತು. ಬಲ ಮೊಣಕಾಲಿನ ಹೊರಮಗ್ಗುಲಲ್ಲಿ, ಸೂಜಿಯನ್ನು ಒಳಗೇ ಮರೆತು ಹೊಲಿದ ಹಾಗೆ.

ಕ್ಲೀಟ್ ಕೂರಿಸಿದವರು ಸ್ವತಃ ಅತ್ತಿಗೆಯೇ. ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ತಮ್ಮ ಎರಡು ಬೂಟಿನ ಅಡಿಗೂ ನಡುಗೆರೆ ಎಳೆದು, ಟೇಪು ಹಿಡಿದು, ಎಡಕ್ಕೂ ಬಲಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲದಂತೆ ನೇರವಾಗಿ ಕೂರಿಸಿದ್ದರು. ‘ಫ್ಯಾಕ್ಟರಿಯವರೂ ಹೀಗೆ ಕೂರಿಸಲ್ಲ’ ಎಂದು ಗಾಳಿ ಮಾಸ್ತರ ಹೊಗಳಿದ್ದ. ಆದ್ದರಿಂದ ತಪ್ಪು ಬೂಟಿನಲ್ಲಿ ಇರಲು ಸಾಧ್ಯವಿಲ್ಲ, ವಯಸ್ಸಿನಲ್ಲೇ ಇರಬೇಕು ಎಂದು ತೀರ್ಮಾನವಾಯಿತು.

ಅತ್ತಿಗೆ ಯಾರಿಗೂ ಹೇಳಲಿಲ್ಲ. ಆದರೆ ಅಣ್ಣ ಈಗ ಕಿವಿಯಿಂದ ನೋಡುವವನು. ಮೊದಲು ಒಂದೇ ಉಸಿರಿಗೆ ಕಟಕಟನೆ ಓಡುತ್ತಿದ್ದ ಹೊಲಿಗೆ ಯಂತ್ರ ಈಗ ಓಡಿ, ನಿಂತು, ಮತ್ತೆ ಓಡುತ್ತಿತ್ತು. ಯಂತ್ರ ಕುಂಟುತ್ತಿದೆ ಎಂದು ಅವನಿಗೆ ತಿಳಿಯಿತು. ಯಂತ್ರ ಕುಂಟಿದರೆ ಮನೆಯೂ ಕುಂಟುತ್ತದೆ.

‘ಸೈಕಲ್ ಕೊಟ್ಬಿಡೋಣ ಕಣೇ. ಗಾಳಿ ಮಾಸ್ತರನಿಗೆ ಹೇಳಿದ್ದೀನಿ. ಯಾರೋ ಈಜು ಕಲಿಸೋ ಮೇಷ್ಟ್ರಂತೆ, ಭಾನುವಾರ ಬೆಳಿಗ್ಗೆ ನೋಡೋಕೆ ಬರ್ತಾರೆ’ ಎಂದ. ನನಗೇನೂ ಇಲ್ಲ ಎಂಬಂತೆ ಹಗುರವಾಗಿ ಹೇಳಿದ. ಆ ಹಗುರವೇ ಅತ್ತಿಗೆಗೆ ಭಾರವಾಯಿತು.

‘ನೋಡ್ತಾ ಇರು, ಮತ್ತೆ ಆ ಕುರ್ಚಿಗೆ ಹೋಗಿ ಕೂತ್ಕೊಳ್ತಾರೆ. ಈ ಸಲ ಎದ್ದೇಳಲ್ಲ’ ಎಂದರು ನನ್ನ ಹತ್ತಿರ.

ಶನಿವಾರ ಸಂಜೆ ನಾನು ಹೋದಾಗ ಅತ್ತಿಗೆ ಅಂಗಡಿ ಮುಚ್ಚಿ, ತಮ್ಮ ಪದ್ಧತಿಯಂತೆ ಕತ್ತರಿಸುವ ಮೇಜಿನ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು ಟೀ ಕುಡಿಯುತ್ತಿದ್ದರು. ಅಣ್ಣ ಗೋಡೆ ಸವರಿಕೊಂಡು ಬಂದು, ಮಣೆ ಎಳೆದು ಅವರ ಕಾಲ ಬುಡದಲ್ಲಿ ಕೂತು ಬಲಪಾದ ಹಿಡಿದ.

‘ಅಯ್ಯೋ ಬಿಡ್ರೀ, ಯಾರಾದ್ರೂ ನೋಡ್ತಾರೆ!’

‘ನನಗೇ ಕಾಣಲ್ಲ, ಇನ್ಯಾರಿಗೆ ಕಾಣುತ್ತೆ? ನೋವು ಎಲ್ಲಿ ಅಂತ ಹೇಳು.’

ಅತ್ತಿಗೆ ಎರಡೂ ಪಾದಗಳನ್ನು ತಕ್ಷಣ ಕವಾಯತಿನ ಸಿಪಾಯಿಯಂತೆ ಜೋಡಿಸಿ ನೆಟ್ಟಗೆ ಹಿಡಿದರು. ಅಣ್ಣನ ಬೆರಳಿಗೆ ಅದು ಗೊತ್ತಾಯಿತು. ಏನೂ ಅರಿಯದವನಂತೆ ಕೇಳಿದ:

‘ಅಂದಹಾಗೆ, ಆ ಹೆಡ್‌ಮಾಸ್ಟರ್ ಕೋಟು ತಗೊಂಡು ಹೋದ್ರಾ?’

‘ಅವರ ಕಥೆ ಎತ್ತಬೇಡಿ!’ ಅತ್ತಿಗೆ ಟೀ ಲೋಟ ಕುಕ್ಕಿದರು. ‘ಮೂರನೇ ಸಲ ಬಿಚ್ಚಿಸ್ತಾ ಇದ್ದಾರೆ. ಹೊಟ್ಟೆ ಇವರದು ಬೆಳೆಯುತ್ತೆ, ತಪ್ಪು ನನ್ನ ಕತ್ತರೀದು! ನಾನೂ ಹೇಳ್ದೆ, ಸಾರ್, ಕೋಟಿಗೆ ಅಂಚು ಬಿಡಬಹುದು, ಆಸೆಗೆ ಬಿಡೋಕಾಗಲ್ಲ ಅಂತ…’

ಮಾತು ಓಡಿತು. ಕಾಲು ತನ್ನನ್ನು ತಾನು ಮರೆಯಿತು. ಅಣ್ಣ ಎರಡು ಪಾದಗಳನ್ನೂ ಅಂಗೈಯಲ್ಲಿ ತಾಗಿಯೂ ತಾಗದಂತೆ ಹಿಡಿದು, ಹೆಬ್ಬೆರಳಿನಿಂದ ಹಿಮ್ಮಡಿಯವರೆಗೆ ಸವರಿದ, ಒಂದು ಕಾಲದಲ್ಲಿ ನಕ್ಷೆಯ ಗೆರೆ ಸವರುತ್ತಿದ್ದ ಹಾಗೆ.

‘ಎಡಗಾಲು ಗೋಡೆ ನೋಡ್ತಿದೆ. ಬಲಗಾಲು ಬಾಗಿಲು ನೋಡ್ತಿದೆ ಕಣೇ’ ಎಂದ.

ಅತ್ತಿಗೆ ಮಾತು ನಿಲ್ಲಿಸಿ ಬಗ್ಗಿ ನೋಡಿದರು. ನಿಜ. ಎಡಪಾದ ನೇರವಾಗಿತ್ತು; ಬಲಪಾದದ ಮೂತಿ ಹೊರಕ್ಕೆ ತಿರುಗಿತ್ತು. ಹದಿಹರೆಯದಿಂದ ಯಂತ್ರದ ತುಳಿಹಲಗೆಯ ಮೇಲೆ ಬಲಗಾಲನ್ನು ಓರೆಯಾಗಿಟ್ಟು ತುಳಿದು ತುಳಿದು ಅದು ಹಾಗೇ ನಿಂತುಬಿಟ್ಟಿತ್ತು. ಆ ಓರೆಗಾಲನ್ನು ನೇರ ಕ್ಲೀಟಿಗೆ ಕಟ್ಟಿ ದಿನವೂ ದಿಬ್ಬ ಹತ್ತಿಸಿದರೆ ಮೊಣಕಾಲು ದೂರು ಕೊಡದೆ ಇನ್ನೇನು ಮಾಡೀತು?

‘ಥೂ ನನ್ನ!’ ಎಂದರು ಅತ್ತಿಗೆ. ‘ಊರಿನವರ ಭುಜಕ್ಕೆಲ್ಲ ಬೇರೆ ಬೇರೆ ಗುರುತು ಹಾಕ್ತೀನಿ. ನನ್ನ ಕಾಲನ್ನ ಕೇಳ್ಲೇ ಇಲ್ಲ. ಬೂಟಿನ ಅಳತೆ ತೆಗೆದು ಹೊಲಿದಿದ್ದೀನಲ್ಲ!’ ಆಮೇಲೆ ಅಣ್ಣನ ಕಡೆ ತಿರುಗಿ, ‘ಮತ್ತೆ ನೀವು, ನನ್ನ ವಿದ್ಯೆ ನನ್ನ ಮೇಲೇ ಪ್ರಯೋಗಿಸಿದ್ರಾ?’

‘ಇಷ್ಟು ವರ್ಷ ಪಕ್ಕದಲ್ಲೇ ಕೂತು ಕೇಳಿಸ್ಕೊಂಡಿದ್ದೀನಿ, ಅಷ್ಟೂ ಬರಲ್ವಾ?’

ಸ್ಕ್ರೂ ಸಡಿಲಿಸುವ ಕೆಲಸ ನನ್ನ ಪಾಲಿಗೆ ಬಂತು. ಕಾಲು ಹೊರಕ್ಕೆ ತಿರುಗಬೇಕಲ್ಲ ಎಂದು ನಾನು ಜಾಣನಂತೆ ಕ್ಲೀಟಿನ ಮೂತಿಯನ್ನೂ ಹೊರಕ್ಕೇ ತಿರುಗಿಸಿದೆ. ಅತ್ತಿಗೆ ನನ್ನ ಕೈಗೆ ಟೇಪಿನಿಂದ ಒಂದು ಬಿಟ್ಟರು.

‘ಉಲ್ಟಾ ಮಾಡ್ತಿದ್ದೀಯಲ್ಲೋ! ಪೆಡಲು ಕ್ಲೀಟನ್ನ ಯಾವತ್ತೂ ನೇರವಾಗೇ ಹಿಡಿಯುತ್ತೆ. ಅದು ತಿರುಗಲ್ಲ, ಬೂಟು ತಿರುಗುತ್ತೆ. ಕ್ಲೀಟಿನ ಮೂತಿ ಒಳಕ್ಕೆ ತಿರುಗಿಸು, ಆಗ ಬೂಟಿನ ಮೂತಿ ಹೊರಕ್ಕೆ ಹೋಗುತ್ತೆ. ಸಾಕು ಸಾಕು, ಒಂದು ಹೊಲಿಗೆಯಷ್ಟು. ಈಗ ಚೂರು ಹಿಂದಕ್ಕೆ, ಹೆಬ್ಬೆರಳ ಬುಡದಲ್ಲಿ ಗಂಟಿದೆಯಲ್ಲ, ಅದರ ಕೆಳಗೆ ಬರೋ ಹಾಗೆ.’

ಎಡಗಾಲಿನದನ್ನು ಮುಟ್ಟಲು ಬಿಡಲಿಲ್ಲ. ಅದು ಸುಖವಾಗಿತ್ತು.

ಭಾನುವಾರ ಬೆಳಿಗ್ಗೆ ಅತ್ತಿಗೆ ಒಂದು ಷರತ್ತು ಹಾಕಿದರು: ‘ನೀರಿನ ಟ್ಯಾಂಕಿನ ದಿಬ್ಬ ಹತ್ತಿ ಬರೋಣ. ಮೊಣಕಾಲು ಚೀರಿದ್ರೆ ನಾನೇ ಸೈಕಲ್ ಒರೆಸಿ ಆ ಮೇಷ್ಟ್ರಿಗೆ ಕೊಡ್ತೀನಿ. ಚೀರದಿದ್ರೆ ನೀವೇ ಅವರಿಗೆ ಉತ್ತರ ಹೇಳ್ಬೇಕು.’

ಈಜಿನ ಮೇಷ್ಟ್ರು ಹೇಳಿದ್ದಕ್ಕಿಂತ ಬೇಗ ಬಂದರು. ನಾನು ಅವರನ್ನು ಅಣ್ಣನ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಟೀ ಕೊಟ್ಟು, ಹವಾಮಾನದ ಬಗ್ಗೆ ನನಗೆ ಗೊತ್ತಿದ್ದನ್ನೆಲ್ಲ ಹೇಳಿ, ಗೊತ್ತಿಲ್ಲದ್ದಕ್ಕೂ ಕೈಹಾಕಿದ್ದೆ. ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಗಂಟೆ ಕೇಳಿಸಿತು. ಸೈಕಲ್ ಬಂದು ಬಾಗಿಲ ಮುಂದೆ ನಿಂತಿತು. ಬಲ ಹಿಮ್ಮಡಿ ಹೊರಕ್ಕೆ ತಿರುಚಿತು, ಟಕ್. ಕಾಲು ನೆಲಕ್ಕೆ ಬಂತು.

‘ಬೇಕರಿನಾ?’ ಎಂದ ಅಣ್ಣ.

‘ಮನೆ ಕಣ್ರೀ. ನಿಂತಿದ್ದೀವಿ, ಬಿದ್ದಿಲ್ಲ.’

ಅತ್ತಿಗೆ ಬೂಟು ಕಳಚಿ ಮೆಟ್ಟಿಲು ಹತ್ತುವುದನ್ನು ಅಣ್ಣ ತಲೆ ಓರೆ ಮಾಡಿ ಆಲಿಸಿದ. ಎಡ, ಬಲ, ಎಡ, ಬಲ. ಎಲ್ಲೂ ತಡೆಯಲಿಲ್ಲ. ಸೈಕಲ್ಲಿನ ಹಿಂದಿನ ಸೀಟಿನ ಮೇಲೆ ಕೈಯಿಟ್ಟುಕೊಂಡೇ ಮೇಷ್ಟ್ರು ಕೂತಿದ್ದ ಬೆತ್ತದ ಕುರ್ಚಿ ಕಿರುಗುಟ್ಟಿದ ಕಡೆಗೆ ತಿರುಗಿದ.

‘ಕ್ಷಮಿಸಬೇಕು ಮೇಷ್ಟ್ರೇ. ಇದು ಕೊಡೋ ಸೈಕಲ್ ಅಲ್ಲ. ನಿಮ್ಮನ್ನ ಸುಮ್ಸುಮ್ನೆ ಕರೆಸಿದ ಹಾಗಾಯ್ತು.’

ಮೇಷ್ಟ್ರ ಮುಖ ಸಪ್ಪಗಾಯಿತು. ಎದ್ದು ಎದೆಯುಬ್ಬಿಸಿ, ಬೀಳ್ಕೊಳ್ಳಲು ಸೆಟೆದು ನಿಂತರು. ಅತ್ತಿಗೆ ಅವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

‘ಅಲ್ಲ ಮೇಷ್ಟ್ರೇ, ನಿಮ್ಮ ಈಜುಕೊಳದಲ್ಲಿ ನೀರೇ ಬದಲಾಯಿಸಲ್ವಂತಲ್ಲ?’

‘ಯಾರ್ರೀ ಹೇಳಿದ್ದು?’ ಮೇಷ್ಟ್ರು ಸಿಡಿದರು. ‘ನಾನೇ ನಿಂತು, ನನ್ನ ಕಣ್ಣೆದುರಿಗೇ…’ ಎದೆ ಇಳಿಯಿತು, ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಕ್ಕೆ ಜಾರಿ ತನ್ನ ಜಾಗಕ್ಕೆ ಬಂತು. ಅತ್ತಿಗೆಯ ಕೈ ಆಗಲೇ ಕೊರಳಿನ ಟೇಪಿಗೆ ಹೋಗಿತ್ತು.

ಅತ್ತಿಗೆ ಹೊಲಿದುಕೊಟ್ಟ ಮೇಷ್ಟ್ರ ಕೋಟು ಚೆನ್ನಾಗಿ ಕೂತಿದೆ ಎಂದು ಕೇಳಿದೆ. ಬೆತ್ತದ ಕುರ್ಚಿಯ ಮೇಲೆ ಈಗ ಎರಡು ಜೊತೆ ಬೂಟು ಕೂತಿರುತ್ತವೆ. ಯಾರಾದರೂ ಬಂದರೆ ಅವನ್ನೆತ್ತಿ ಜಾಗ ಮಾಡಿಕೊಡಬೇಕು.