ಮಸ್ಕಿಯ ಶರಣಪ್ಪನ ಕತ್ತಿಯ ಹಿಡಿ

ಶರಣಪ್ಪ, ನಿನ್ನ ಕೈ ನಡುಗುತ್ತದೆ ಎಂದು ನಾನು ಹೇಳಿದ್ದು ಸುಳ್ಳು. ಆ ಸುಳ್ಳಿನ ಕೆಳಗೆ ಇನ್ನೊಂದು ಸುಳ್ಳಿತ್ತು — ನಾನು ಮಾಡಿಕೊಟ್ಟ ಕ್ಷೌರದ ಕತ್ತಿಗೆ ಇರುವ ಹಿಡಿ ನಿನ್ನ ಅಪ್ಪನದಲ್ಲ. ಆರು ವರ್ಷ ಇವೆರಡನ್ನೂ ಬಚ್ಚಿಟ್ಟುಕೊಂಡು ಬದುಕಿದ್ದೇನೆ.

ನನ್ನನ್ನು ಎಲ್ಲರೂ ಶಿಸ್ತಿನ ಮನುಷ್ಯ ಎನ್ನುತ್ತಾರೆ. ಮೂವತ್ತೈದು ವರ್ಷ ಕಾರ್ಖಾನೆಯ ಸೈರನ್ನಿಗೆ ಎದ್ದು ಕೂತ ಫಿಟ್ಟರ್ ನಾನು. ನಿವೃತ್ತನಾದ ಮೇಲೆ ಲಿಂಗಸುಗೂರಿನ ಮನೆಯ ಪಡಸಾಲೆಯಲ್ಲಿ ಕ್ಷೌರದ ಕತ್ತಿ ಮಾಡುವುದನ್ನು ಹಚ್ಚಿಕೊಂಡೆ. ಕಬ್ಬಿಣ ಉಜ್ಜುವ ಸವೆದ ಅರಗಳಿಂದ ಅಲಗು. ಹಳೆಯ ಕೋಡು, ಮುರಿದ ಮಂಚದ ಬೀಟೆಯಿಂದ ಹಿಡಿ. ಬೆಳಿಗ್ಗೆ ಆರಕ್ಕೆ ಕೂತರೆ ಹನ್ನೊಂದಕ್ಕೆ ಏಳುವುದು. ಹೇಳಿದ ದಿನ ಎಂದೂ ತಪ್ಪಿಸಿದವನಲ್ಲ.

ನೀನು ಮಸ್ಕಿಯಿಂದ ಬಂದೆ. ನಿನ್ನ ಕ್ಷೌರದ ಅಂಗಡಿಗೆ ಬ್ಲೇಡು ಬದಲಿಸುವ ಕತ್ತಿ ಬಂದು ಎಷ್ಟೋ ಕಾಲವಾಗಿದ್ದರೂ, ಕೂಸುಗಳ ಜವಳಕ್ಕೆ, ಮೊದಲ ಕೂದಲು ತೆಗೆಯುವುದಕ್ಕೆ, ನೀನು ಅಪ್ಪನ ಕತ್ತಿಯನ್ನೇ ಹಿಡಿಯುತ್ತಿದ್ದೆ. ಸಂತೆಕಲ್ಲೂರಿನಿಂದಲೂ ಜನ ಕೂಸುಗಳನ್ನು ಎತ್ತಿಕೊಂಡು ನಿನ್ನಲ್ಲಿಗೆ ಬರುತ್ತಿದ್ದರು. ಅಲಗು ಸವೆದು ಕಡ್ಡಿಯಾಗಿತ್ತು. ಅಲಗು ಹೊಸದಿರಲಿ, ಹಿಡಿ ಮಾತ್ರ ಅದೇ ಇರಲಿ ಎಂಬುದು ನಿನ್ನ ಬೇಡಿಕೆ. ಎಮ್ಮೆಯ ಕೋಡಿನ ಹಿಡಿ. ಹೆಬ್ಬೆರಳು ಕೂರುವ ಕಡೆ ಸವೆದು ತಗ್ಗಾಗಿತ್ತು.

"ಗುರುವಾರ ಮೊಮ್ಮಗಳ ಜವಳ ಐತ್ರಿ, ಸಾಹೇಬ್ರ. ಆಗ್ಲಿಲ್ಲಂದ್ರ ಮುಂದಿನ ವಾರಕ್ಕ ಹಾಕ್ತೀನಿ, ಅವಸರ ಇಲ್ರಿ."

"ಬುಧವಾರ ಹತ್ತಕ್ಕ ಬಾ," ಅಂದೆ ನಾನು.

"ನಿಮ್ಮ ಗಡಿಯಾರ ನೋಡೇ ಸೂರ್ಯ ಹುಟ್ತಾನ ಕಾಣ್ತೈತ್ರಿ!" ಎಂದು ನಕ್ಕು ಹೋದೆ ನೀನು.

ಹಳೆಯ ಕೋಡು ಒಣಗಿರುತ್ತದೆ. ಕೊರೆಯುವ ಮೊದಲು ಎಂಟು ದಿನ ಎಣ್ಣೆಯಲ್ಲಿ ಇಡಬೇಕು. ನಾನು ಮೂರನೆಯ ದಿನಕ್ಕೇ ತೆಗೆದೆ — ಬುಧವಾರ ತಪ್ಪಬಾರದಲ್ಲ! ಹೊಸ ಅಲಗಿನ ಮೊಳೆಗೆಂದು ಬೈರಿಗೆ ಇಳಿಸುತ್ತಿದ್ದಂತೆ ಹಿಡಿ ಉದ್ದಕ್ಕೂ ಸೀಳಿತು.

ನಿನಗೆ ಹೇಳಿಕಳಿಸಬಹುದಿತ್ತು. ಹೇಳಲಿಲ್ಲ. ಸಿಂಧನೂರಿನ ಹಳೆ ಸಾಮಾನಿನ ಅಂಗಡಿಯಿಂದ ತಂದಿಟ್ಟಿದ್ದ ಒಂದು ಚಾಕುವಿನ ಕೋಡು ಬಿಡಿಸಿ, ಅಳತೆಗೆ ಉಜ್ಜಿ, ಕಡು ಚಹಾದಲ್ಲಿ ನೆನೆಸಿ ಬಣ್ಣ ಕೂಡಿಸಿದೆ. ಹೆಬ್ಬೆರಳಿನ ತಗ್ಗನ್ನೂ ಕೆರೆದೆ — ನಿನ್ನ ಅಪ್ಪ ಜೀವಮಾನವಿಡೀ ಸವೆಸಿದ್ದನ್ನು ನಾನು ಅರ್ಧ ದಿನದಲ್ಲಿ...

ಬುಧವಾರ ನೀನು ಕತ್ತಿಯನ್ನು ಕಣ್ಣಿಗೊತ್ತಿಕೊಂಡೆ. ಹಿಡಿದು ನೋಡಿದೆ. ಬಿಟ್ಟು, ಮತ್ತೆ ಹಿಡಿದೆ.

"ಯಾಕೋ ಅಪ್ಪಂದು ಅನಸವಲ್ದು ನೋಡ್ರಿ. ಹೆಬ್ಬಟ್ಟು ಕುಂದ್ರವಲ್ದು."

ಆಗಲೂ ಬಾಯಿ ಬಿಡಬಹುದಿತ್ತು. ನಾನು ಅಂದದ್ದು —

"ಹಿಡಿ ಅದೇ ಐತಿ. ನಿನ್ನ ಕೈಯಾಗ ನಡುಕ ಬಂದೈತಿ, ಶರಣಪ್ಪ. ವಯಸ್ಸಾತು."

ನೀನು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡೆ. ಅವು ಅಲ್ಲಾಡಲಿಲ್ಲ, ನಾನೂ ನೋಡಿದೆ. ಆದರೂ ನೀನು ನಂಬಿದ್ದು ಕಣ್ಣೆದುರಿನ ಕೈಗಳನ್ನಲ್ಲ, ನನ್ನ ಮಾತನ್ನು.

ಮರುದಿನ ಮೊಮ್ಮಗಳ ಜವಳಕ್ಕೆ ಬೇರೆಯವರನ್ನು ಕರೆಸಿದೆಯೆಂದು ಆಮೇಲೆ ತಿಳಿಯಿತು. "ಕೂಸಿನ ನೆತ್ತಿ ಮೆತ್ತಗಿರತೈತಿ, ನನ್ನ ಕೈ ನಂಬಂಗಿಲ್ಲ" ಅಂದೆಯಂತೆ. ಅಂದಿನಿಂದ ಯಾವ ಕೂಸಿನ ತಲೆಯನ್ನೂ ನೀನು ಮುಟ್ಟಿಲ್ಲ. ಬರಬರುತ್ತಾ ಗಡ್ಡ ಮಾಡುವುದನ್ನೂ ಬಿಟ್ಟೆ. ಹೋದ ತಿಂಗಳು ನಾನು ಅಂಗಡಿಗೆ ಬಂದಾಗ ನಿನ್ನ ಮಗ ಕೆಲಸ ಮಾಡುತ್ತಿದ್ದ. ನೀನು ಬೆಂಚಿನ ಮೇಲೆ, ಕೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂತಿದ್ದೆ.

"ಸಾಹೇಬ್ರಿಗೆ ಚಾ ತರಸಪಾ. ನನಗ ಅರ್ಧ ಕಪ್ಪ ಸಾಕು, ಚೆಲ್ತೈತಿ."

ಕಪ್ಪು ಎತ್ತಿದಾಗ ನಿನ್ನ ಕೈ ನಿಜವಾಗಿಯೂ ನಡುಗಿತು. ಅದು ನನ್ನ ಮಾತಿನಿಂದ ಬಂತೋ, ವಯಸ್ಸಿನಿಂದಲೋ — ಇಲ್ಲ, ವಯಸ್ಸಿನ ಮೇಲೆ ಹಾಕುವುದಿಲ್ಲ.

ನಾಳೆ ಮಸ್ಕಿಗೆ ಬರುತ್ತೇನೆ, ಅಂಗಡಿಯಲ್ಲಿ ಗಿರಾಕಿಗಳು ತುಂಬಿರುವ ಹೊತ್ತಿಗೆ. ನಿನ್ನ ಮಗನೆದುರು, ಎಲ್ಲರೆದುರು ಹೇಳುತ್ತೇನೆ. ನೀನು ಬಯ್ಯಬಹುದು, ಎದ್ದು ಒಳಗೆ ಹೋಗಲೂಬಹುದು. ಕ್ಷಮಿಸು ಎಂದು ಕೇಳುವುದಿಲ್ಲ. ಇಷ್ಟು ಮಾತ್ರ ಅವರಿಗೂ ನಿನಗೂ ತಿಳಿಯಲಿ — ಆ ಬುಧವಾರ ನನ್ನ ಪಡಸಾಲೆಯಲ್ಲಿ ನಿಜ ಹೇಳಿದ್ದು ನಿನ್ನ ಕೈ ಒಂದೇ.