ಕಣದಲ್ಲಿ ಬೀಸಿದ ಬಲೆ

ಬಲೆ ಬೀಸುವುದನ್ನು ನಾನು ಕಲಿತದ್ದು ನೀರಿನಲ್ಲಲ್ಲ, ರಾಗಿ ಒಕ್ಕುವ ಕಣದಲ್ಲಿ. ಎಪ್ಪತ್ತರ ದಶಕದ ನಡುವಿನ ಯಾವುದೋ ಮಳೆಗಾಲ. ಬೇಕೆಂದರೆ ಒಂದು ವರ್ಷವನ್ನು ಹೇಳಬಲ್ಲೆ. ಆದರೆ ಹಾಗೆ ಹೇಳಿದ ಕೂಡಲೇ ಉಳಿದ ನೆನಪುಗಳೂ ಅದಕ್ಕೆ ತಕ್ಕ ಹಾಗೆ ಸಾಲಾಗಿ ಬಂದು ನಿಂತುಬಿಡುತ್ತವೆ. ಅವು ಸಾಲಾಗಿ ನಿಂತಾಗಲೆಲ್ಲ ನನಗೆ ಅನುಮಾನ.

ನಾನು ಹೊಳಲ್ಕೆರೆ ಕಡೆಯ ಕುರಿ ಸಾಕುವ ಮನೆಯವನು. ಮೀನು ಹಿಡಿದವರು ನಮ್ಮಲ್ಲಿ ಯಾರೂ ಇರಲಿಲ್ಲ. ಬಬ್ಬೂರಿನ ಕೃಷಿ ಫಾರಂನಲ್ಲಿ ಕೆಲಸ ಸಿಕ್ಕಿದ ಮೇಲೆ ಹಿರಿಯೂರಿನ ಹತ್ತಿರ, ವೇದಾವತಿ ದಂಡೆಯ ಹಳ್ಳಿಯೊಂದರಿಂದ ಹೆಂಡತಿಯನ್ನು ತಂದೆ. ತಂದೆ ಎನ್ನುವುದು ಸುಳ್ಳು. ಬಾಡಿಗೆ ಮನೆ ಯಾಕೆ ಎಂದು ಹೆಂಡತಿಯ ಮನೆಯವರು ಅಂದದ್ದರಿಂದ ನಾನೇ ಅಲ್ಲಿಗೆ ಹೋಗಿ ಉಳಿದೆ. ಮಾವನ ಮನೆಯಲ್ಲೂ ಕುರಿ ಇದ್ದವು, ಹೊಲ ಇತ್ತು. ಜೊತೆಗೆ ಒಂದು ಬೀಸುಬಲೆ ಇತ್ತು: ಅಂಚಿಗೆಲ್ಲ ಸೀಸದ ಗುಂಡು ಕಟ್ಟಿದ, ಎಸೆದರೆ ಗುಂಡಗೆ ಬಿಚ್ಚಿಕೊಂಡು ನೀರಿಗೆ ಬೀಳುವ ಬಲೆ. ಮಾವ ಅದನ್ನು ತಮ್ಮ ಮದುವೆಗೂ ಮುಂಚೆ ತಾವೇ ಹೆಣೆದಿದ್ದರು.

ಆ ವರ್ಷ ಮಾವನ ಬಲಭುಜ ಹಿಡಿದುಕೊಂಡಿತ್ತು. ಕೈ ಕಿವಿಯ ಮಟ್ಟಕ್ಕೆ ಏಳುತ್ತಿರಲಿಲ್ಲ. ಹೊಸದುರ್ಗದ ಕಡೆ, ಮಾರಿಕಣಿವೆ ಅಣೆಕಟ್ಟಿನ ಹಿನ್ನೀರಿನ ಊರಿನಲ್ಲಿದ್ದ ಅವರ ಅಕ್ಕನ ಮಗ ಬಲೆಯನ್ನು ಕೇಳಿದ. "ಗೂಟಕ್ಕೆ ನೇತಾಕಿದ್ರೆ ಇಲಿ ತಿಂತಾವೆ ಮಾವ, ನಂಗೆ ಕೊಡು." ನ್ಯಾಯವಾದ ಮಾತೇ. ಮಾವ ಇಲ್ಲವೆನ್ನಲಿಲ್ಲ. ಹೊಳೆಯ ಕೆಂಪು ನೀರು ತಿಳಿಯಾಗಲಿ, ಅಷ್ಟರೊಳಗೆ ಅಳಿಯ ಕಲಿತರೆ ಬಲೆ ಈ ಮನೆಯಲ್ಲಿರುತ್ತದೆ, ಇಲ್ಲದಿದ್ದರೆ ನಿನ್ನದು ಎಂದರು. ನನ್ನನ್ನು ಯಾರೂ ಕೇಳಲಿಲ್ಲ. ಆದರೆ ಹಾಗನ್ನುವಾಗ ಮಾವ ಬಲೆಯ ಕಡೆ ನೋಡದೆ ಅಂಗಳದ ಕಡೆ ನೋಡಿದರು. ಅದಕ್ಕಾಗಿಯೇ ನಾನು ಕಲಿಯಬೇಕು ಅನ್ನಿಸಿತು. ಅಥವಾ ಈಗ ಬರೆಯುತ್ತಿರುವಾಗ ಹಾಗನ್ನಿಸುತ್ತಿದೆ.

ಸಂಜೆ ಫಾರಂನಿಂದ ಬಂದು ಸೈಕಲ್ಲು ನಿಲ್ಲಿಸಿದ ಕೂಡಲೇ ಪಾಠ. ಬಲೆಯ ಹಗ್ಗವನ್ನು ಎಡ ಮಣಿಕಟ್ಟಿಗೆ ಕಟ್ಟಿಕೊಳ್ಳಬೇಕು. ಬಲೆಯ ಒಂದು ಪಾಲು ಎಡ ಮೊಣಕೈಯ ಮೇಲೆ, ಒಂದು ಪಾಲು ಬಲಗೈಯಲ್ಲಿ, ನಡುವಿನ ಅಂಚು ಹಲ್ಲಿನಲ್ಲಿ. ಸೊಂಟ ತಿರುಗಿಸಿ ಎಸೆಯಬೇಕು. ಕೈ ಬಿಟ್ಟ ಗಳಿಗೆಯಲ್ಲೇ ಹಲ್ಲನ್ನೂ ಬಿಡಬೇಕು. ಕಣದಲ್ಲಿ ಬೂದಿಯಿಂದ ಗೆರೆ ಎಳೆದು ಮಾವ ಹೊಳೆ ಮಾಡಿದ್ದರು. ಆ ಹೊಳೆಯಲ್ಲಿ ಕೋಳಿಗಳು ಹುಳ ಹೆಕ್ಕುತ್ತಿದ್ದವು.

ನಾನು ಎಸೆದ ಬಲೆ ನೆನೆದ ಕಂಬಳಿಯ ಹಾಗೆ ಮುದ್ದೆಯಾಗಿ ಬೀಳುತ್ತಿತ್ತು. ಮೊದಮೊದಲು ಓಡುತ್ತಿದ್ದ ಕೋಳಿಗಳು ಆಮೇಲೆ ತಲೆಯನ್ನೂ ಎತ್ತಲಿಲ್ಲ.

"ಅಳಿಯಂದ್ರೆ, ತೋಳನಿಗೆ ಕಲ್ಲು ಹೊಡಿಯಂಗೆ ಎಸೀಬ್ಯಾಡ್ರಿ" ಎಂದರು ಮಾವ. "ಕೈಯಾಗೆ ಏನೈತೆ? ಸೊಂಟದಾಗೈತೆ ಎಲ್ಲ."

ಸೊಂಟ ತಿರುಗಿಸಿದೆ. ಬಲೆ ಅರ್ಧ ಬಿಚ್ಚಿಕೊಂಡು, ಗಕ್ಕನೆ ನನ್ನ ಮುಖವನ್ನೂ ಎಳೆದುಕೊಂಡು ಹೋಯಿತು. ಹಲ್ಲು ಬಿಟ್ಟಿರಲಿಲ್ಲ. ಮತ್ತೆ ಬೀಸಿದೆ, ಮತ್ತೆ ಹಾಗೆಯೇ. ತುಟಿ ಒಡೆದು ರಕ್ತ ಬಂತು. ಮಾವ ಹತ್ತಿರ ಬಂದು ಗದ್ದ ಹಿಡಿದು ನೋಡಿದರು. ರಕ್ತದಷ್ಟೇ ಕೆಂಪಗೆ ಇನ್ನೇನೋ ಕಂಡಿತು.

"ಬಾಯಾಗೆ ಏನ್ರಿ ಅದು?"

"ಎಲಡಿಕೆ."

"ಬಲೆ ಕಚ್ಚೋ ಬಾಯಾಗೆ?"

ಹೊಳಲ್ಕೆರೆ ಕಡೆಯವನ ಬಾಯಲ್ಲಿ ಅಡಿಕೆ ಇರುವುದು ದವಡೆಯಲ್ಲಿ ಹಲ್ಲು ಇದ್ದ ಹಾಗೆ. ಇದೆಯೆಂದು ಅವನಿಗೇ ಗೊತ್ತಿರುವುದಿಲ್ಲ. ರಸ ಚೆಲ್ಲಬಾರದೆಂದು ನಾವು ತುಟಿ ಬಿಗಿದುಕೊಂಡೇ ಹೊರೆ ಎತ್ತುತ್ತೇವೆ, ಬಸ್ಸು ಹತ್ತುತ್ತೇವೆ, ಮೇಲಿನವರಿಗೆ ತಲೆಯಾಡಿಸಿ ಉತ್ತರ ಕೊಡುತ್ತೇವೆ. ಮೈಯೆಲ್ಲ ಬಲ ಹಾಕಿದಾಗ ನನ್ನ ಬಾಯಿ ಮಾತ್ರ ಇನ್ನೂ ಬಿಗಿಯಾಗಿ ಮುಚ್ಚಿಕೊಳ್ಳುತ್ತಿತ್ತು. ಉಗಿದು ಬಂದೆ. ಆದರೂ ಎಸೆಯುವಾಗ ಬಾಯಿ ತೆರೆಯಲಿಲ್ಲ. ಅಡಿಕೆ ಹೋಗಿತ್ತು, ಅಭ್ಯಾಸ ಹೋಗಿರಲಿಲ್ಲ.

ಇಲ್ಲಿಂದ ಮುಂದೆ ಎರಡು ನೆನಪುಗಳಿವೆ. ನನ್ನ ನೆನಪಿನಲ್ಲಿ ಮಾವನೇ ಯೋಚಿಸಿ ಉಪಾಯ ಹೇಳಿದರು. ಹೆಂಡತಿಯ ಪ್ರಕಾರ ಹೇಳಿದ್ದು ಅವಳು, ಕಣದ ಅಂಚಿನಲ್ಲಿ ಹಸಿ ಕಡಲೆಕಾಯಿ ಸುಲಿಯುತ್ತ ಕೂತಿದ್ದಾಗ. ನನಗೆ ಹಸಿ ಕಡಲೆಕಾಯಿಯ ವಾಸನೆ ನೆನಪಿದೆ, ಆದ್ದರಿಂದ ಅವಳದೇ ನಿಜವಿರಬಹುದು.

"ಕುರಿ ಕರೆಯಂಗೆ ಕೂಗಿ ಬಿಡ್ರಿ. ಬಾಯಿ ತಾನೇ ತೆರೀತೈತೆ."

ಬಲೆ ಕಚ್ಚಿದೆ, ತಿರುಗಿದೆ, ಎಸೆಯುವಾಗ "ಹೋ..." ಎಂದು ಕೂಗಿದೆ. ಬಲೆ ತೆರೆದುಕೊಂಡಿತು. ಗುಂಡಗೆ ಅಲ್ಲ, ಹಲಸಿನ ಹಣ್ಣಿನ ಆಕಾರ. ಆದರೆ ಅಂಚಿನ ಗುಂಡುಗಳೆಲ್ಲ ಒಟ್ಟಿಗೆ ನೆಲಕ್ಕೆ ಬಿದ್ದ ಸದ್ದು ಕೇಳಿತು; ಒಂದು ಹುಂಜ ಒಳಗೆ ಸಿಕ್ಕಿತು. ಅತ್ತ ಹಟ್ಟಿಯಲ್ಲಿದ್ದ ಕುರಿಗಳೆಲ್ಲ ಎದ್ದು ನಿಂತು ಅರಚತೊಡಗಿದವು.

"ಮೀನು ಬರ್ತಾವೋ ಇಲ್ಲೋ" ಎಂದರು ಮಾವ, "ಕುರಿಯಂತೂ ಹೊಳೀಗೆ ಬರ್ತಾವೆ."

ಆಮೇಲಿನ ದಿನಗಳಲ್ಲಿ ಕೂಗನ್ನು ಸಣ್ಣದು ಮಾಡುತ್ತ ಬಂದೆ. ಕೂಗು ಉಸಿರಾಯಿತು. ಬಲೆ ಒಮ್ಮೆ ಗುಂಡಗೆ, ಒಮ್ಮೆ ಮೊಟ್ಟೆಯ ಹಾಗೆ, ಒಮ್ಮೆ ಏನೂ ಅಲ್ಲದ ಹಾಗೆ. ದಿನದಿಂದ ದಿನಕ್ಕೆ ಉತ್ತಮವಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಹಾಗೆ ಆಗಲಿಲ್ಲ. ಚೆನ್ನಾಗಿ ಬೀಸಿದ ಮರುದಿನವೇ ಬಲೆ ಮುದ್ದೆಯಾಗಿ ಬಿದ್ದದ್ದೂ ಉಂಟು. ಆದರೆ ಸೈಕಲ್ಲು ತುಳಿಯುತ್ತ ಮನೆಗೆ ಬರುವಾಗ ನನ್ನ ಸೊಂಟ ಆಗಲೇ ತಿರುಗಲು ಕಾಯುತ್ತಿರುತ್ತಿತ್ತು. ಆ ಸುಖದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ.

ನೀರು ತಿಳಿಯಾದ ಒಂದು ಬೆಳಿಗ್ಗೆ ಮಾವ "ಹೋಗಾಣ ನಡೀರಿ" ಎಂದರು. ಮಡುವಿನಲ್ಲಿ ಮೊಣಕಾಲುದ್ದ ನೀರಿಗೆ ಇಳಿದೆ. ಕಾಲಡಿಯ ಮರಳು ಜಾರುತ್ತಿತ್ತು. ಕಣದಲ್ಲಿ ಅದೊಂದು ಇರಲಿಲ್ಲ. ಮೊದಲ ಬೀಸು ಹಾಳಾಯಿತು. ಮಾವ ದಂಡೆಯಲ್ಲಿ ಕೂತು ಎಡಗೈಯಿಂದ ಬಲಭುಜ ತಿಕ್ಕಿಕೊಳ್ಳುತ್ತಿದ್ದರು. ಎರಡನೆಯದು ತೆರೆದುಕೊಂಡಿತು. ಸೀಸದ ಗುಂಡುಗಳು ನೀರಿನ ಮೇಲೆ ಒಂದು ಉಂಗುರ ಬರೆದು ಮುಳುಗಿದವು. ಉಂಗುರ ಎಷ್ಟು ಗುಂಡಗಿತ್ತು ಎಂದು ಕೇಳಬೇಡಿ, ವರ್ಷ ಕಳೆದಂತೆ ಅದು ದುಂಡಾಗುತ್ತಲೇ ಇದೆ. ಹಗ್ಗ ಎಳೆದರೆ ಬಲೆ ಬರಲಿಲ್ಲ. ತಳದಲ್ಲಿ ಮುಳುಗಿದ್ದ ಜಾಲಿ ಕೊಂಬೆಗೆ ಸಿಕ್ಕಿಕೊಂಡಿತ್ತು. ಹುರುಪಿನಲ್ಲಿ ಜಗ್ಗಿದೆ. ಪರ್‍ರೆಂದು ಹರಿಯಿತು. ಒಂದಿಷ್ಟು ಸಣ್ಣ ಬಿಳಿ ಮೀನು ಬಂದವು, ಉಳಿದವು ಆ ತೂತಿನಿಂದ ಹೋದವು.

ಸಂತೆಯ ದಿನ ಅಕ್ಕನ ಮಗ ಬಂದ. ಜಗಲಿಯ ಮೇಲೆ ಬಲೆ ಹರಡಿತ್ತು.

"ಏನಪ್ಪ ಮಾವ, ಕೊಡ್ತೀಯಾ?"

"ಹರಿದೈತೆ ಕಣ್ಲಾ. ಹರಿದಿದ್ದು ಹೆಂಗೆ ಕೊಡಾಕಾಗ್ತೈತೆ?"

"ನಾನೇ ಹೊಲ್ಕಂತೀನಿ ಬಿಡು."

"ಯಾವನು ಹರಿದನೋ ಅವನೇ ಹೊಲೀಲಿ."

ನನ್ನನ್ನು ಅವರು ಹಾಗೆ ಬಹುವಚನ ಬಿಟ್ಟು 'ಅವನು' ಎಂದದ್ದು ಅದೇ ಮೊದಲು. ಅಕ್ಕನ ಮಗ ನನ್ನನ್ನೊಮ್ಮೆ, ತೂತನ್ನೊಮ್ಮೆ ನೋಡಿದ. "ಕುರಿ ಹೊಕ್ಕೊಂಡು ಹೋಗಂಗೈತೆ" ಎಂದು ನಕ್ಕ. ಮಾವ ದಾರ ಸುತ್ತಿದ ಬಿದಿರಿನ ಸೂಜಿಯಿಂದ ಮೊದಲ ಗಂಟನ್ನು ಎಡಗೈಯಲ್ಲೇ ಹಾಕಿ ತೋರಿಸಿ, ಸೂಜಿಯನ್ನು ನನ್ನ ಕೈಗಿಟ್ಟರು. ನನ್ನ ಗಂಟು ಜಾರಿತು. ಅಕ್ಕನ ಮಗ ಸಂತೆಯ ಚೀಲವನ್ನು ಪಕ್ಕಕ್ಕಿಟ್ಟು ಕೂತು, ಬಲೆಯ ಇನ್ನೊಂದು ಅಂಚನ್ನು ಬಿಗಿಯಾಗಿ ಎಳೆದು ಹಿಡಿದ.