ಕುಳಿ ಇರಲೋ, ಹೋಗಲೋ?

ಬೆಳಗಿನ ಐದೂಮುಕ್ಕಾಲು. ತರಕಾರಿ ಮಾರುಕಟ್ಟೆಯ ಹಿಂಬದಿಯಲ್ಲಿ, ಐಸ್ ಕಾರ್ಖಾನೆಯ ಗೋಡೆಗೆ ಆತುಕೊಂಡಿರುವ ತಗಡಿನ ಶೆಡ್ಡಿನ ಬಾಗಿಲು ಅರ್ಧ ತೆರೆದಿದೆ. ಒಳಗೆ ಹೆಂಗಸೊಬ್ಬರು ತರಕಾರಿ ಹೆಚ್ಚುವ ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಒಂದು ಕಣ್ಣು ಮುಚ್ಚಿ, ಅದರ ಅಂಚಿನಗುಂಟ ನೋಡುತ್ತಿದ್ದಾರೆ. ಹಲಗೆ ತಂದಿರುವ ಹೋಟೆಲಿನ ಅಡುಗೆಯವನು ಎದುರಿಗೆ ನಿಂತಿದ್ದಾನೆ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ.

"ದೋಣಿ ಹಾಗೆ ಬಾಗಿದೆ ಕಣಪ್ಪ. ಒಂದೇ ಮಗ್ಗುಲು ತೊಳೀತಿದ್ದೀಯ."

"ಹೆಚ್ಚೋದೇ ಒಂದು ಮಗ್ಗುಲಲ್ಲಿ ಅಕ್ಕಾ. ಇನ್ನೊಂದನ್ನ ಯಾಕೆ ತೊಳೀಲಿ?"

"ನೀನು ಸ್ನಾನ ಮಾಡುವಾಗ ಬೆನ್ನಿಗೆ ನೀರು ಹಾಕ್ಕೊಳಲ್ವಾ?"

ಅಡುಗೆಯವನು ನಗುತ್ತಾನೆ. ಅವರು ನಗುವುದಿಲ್ಲ. ಹಲಗೆಯನ್ನು ಮೇಜಿಗೆ ಬಿಗಿದು, ಕೀಸುಳಿ ಕೈಗೆತ್ತಿಕೊಂಡು, ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳುತ್ತಾರೆ: "ಕುಳಿ ಇರಲೋ, ಹೋಗಲೋ?"

ವರ್ಷಗಟ್ಟಲೆ ಚಾಕು ಬಿದ್ದೂ ಬಿದ್ದೂ ಹಲಗೆಯಲ್ಲಿ ಆಗುವ ತಗ್ಗು, ಅದೇ ಕುಳಿ. "ಹೋಟೆಲಿನ ಹಲಗೆ ಅಕ್ಕಾ, ಹೋಗ್ಲಿ," ಎನ್ನುತ್ತಾನೆ ಅವನು. ಕೀಸುಳಿ ಓಡುತ್ತದೆ. ಮರದ ಸುರುಳಿಗಳು ಅವರ ಮೊಣಕೈ ತಾಗಿ ನೆಲಕ್ಕೆ ಬೀಳುತ್ತವೆ.

ಮಾರುಕಟ್ಟೆಯ ಸುತ್ತಮುತ್ತ ಈಕೆಯನ್ನು ಎಲ್ಲರೂ 'ಕಣ್ಣಳತೆ ಅಕ್ಕ' ಎಂದೇ ಕರೆಯುತ್ತಾರೆ. ಪೀಠೋಪಕರಣದ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಪ್ಯಾಕಿಂಗ್ ಕೆಲಸ ಮಾಡಿದವರು. ಪಟ್ಟಿ ಇಡದೆ ಬರೀ ಕಣ್ಣಲ್ಲೇ ಮರದ ಸೊಟ್ಟ ಹಿಡಿಯುತ್ತಿದ್ದರೆಂದು ಅಲ್ಲಿನ ಹಿರಿಯ ಬಡಗಿ ಇಟ್ಟ ಹೆಸರದು. ಊಟದ ಬಿಡುವಿನಲ್ಲಿ ಕೀಸುಳಿ ಹಿಡಿಯುವುದನ್ನು ಕಲಿಸಿದವರೂ ಆ ಬಡಗಿಯೇ. ಕಾರ್ಖಾನೆ ಮುಚ್ಚಿದ ದಿನ ಉಳಿದವರು ಕುರ್ಚಿ, ಫ್ಯಾನು ಎಂದು ಹೊತ್ತುಕೊಂಡು ಹೋದರೆ ಈಕೆ ಮೂಲೆಯಲ್ಲಿ ಬಿದ್ದಿದ್ದ ತುಂಡು ಹಲಗೆಗಳನ್ನು ಕೈಗಾಡಿಗೆ ತುಂಬಿಕೊಂಡರಂತೆ. "ಎಲ್ಲರೂ ನಕ್ಕರು, ಸೌದೆಗಾ ಅಂತ. ಆ ಸೌದೆ ಇವತ್ತು ಎಷ್ಟೋ ಅಡುಗೆಮನೆಗಳಲ್ಲಿ ಅನ್ನಕ್ಕೆ ದಾರಿ ಮಾಡ್ತಾ ಇದೆ."

ವಾರದ ದಿನಗಳಲ್ಲಿ ದಿನಕ್ಕೆ ಆರೇಳು ಹಲಗೆ, ಶನಿವಾರ ಒಂಬತ್ತು ಹತ್ತು. ಮಟ್ಟ ಮಾಡಲು ಅರ್ಧ ಗಂಟೆ, ಉಪ್ಪುಕಾಗದದಲ್ಲಿ ಮೂರು ಸುತ್ತು ಉಜ್ಜಲು ಇನ್ನರ್ಧ. ಆಮೇಲೆ ಎಣ್ಣೆ. ಆ ಕೆಲಸ ಗಂಡನದು. ಬಸ್ ಓಡಿಸಿ ನಿವೃತ್ತರಾದ ಅವರು ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಬಟ್ಟೆಯ ಉಂಡೆಯಿಂದ ಹಲಗೆಗಳಿಗೆ ಎಣ್ಣೆ ನೀವುತ್ತಾರೆ. "ಇದ್ರಲ್ಲಿ ಅರ್ಧ ಎಣ್ಣೆ ನನ್ನ ಮಂಡಿಗೆ ಹಚ್ಚಿದ್ರೆ ಇಷ್ಟೊತ್ತಿಗೆ ನಾನು ಓಟದ ಸ್ಪರ್ಧೇಲಿ ಇರ್ತಿದ್ದೆ," ಎಂದು ಗೊಣಗುತ್ತಾರೆ. "ಹಲಗೆ ನಿಮ್ಮಷ್ಟು ಮಾತಾಡಲ್ಲ, ಅದಕ್ಕೇ ಅದಕ್ಕೆ," ಎಂದು ಒಳಗಿಂದ ಉತ್ತರ ಬರುತ್ತದೆ.

ಅಡುಗೆ ಎಣ್ಣೆ ಇಲ್ಲಿ ನಿಷಿದ್ಧ. ಹಚ್ಚಿದ ವಾರಕ್ಕೆ ಕಮಟು ವಾಸನೆ ಬರುತ್ತದೆ. ಔಷಧಿ ಅಂಗಡಿಯಲ್ಲಿ ಮಲಬದ್ಧತೆಗೆ ಕೊಡುವ, ಬಣ್ಣ ವಾಸನೆ ಎರಡೂ ಇಲ್ಲದ ಎಣ್ಣೆಯೇ ಆಗಬೇಕು. ಸ್ವಲ್ಪ ಜೇನುಮೇಣ ಸೇರಿದರೆ ಇನ್ನೂ ಒಳ್ಳೆಯದು. ತಿಂಗಳಿಗೊಮ್ಮೆ, ಎರಡೂ ಮಗ್ಗುಲಿಗೆ.

ಬೆಳಿಗ್ಗೆ ಮಕ್ಕಳ ಡಬ್ಬಿ ತುಂಬುವ ಗಡಿಬಿಡಿಯಲ್ಲಿ ಕಾಲುಗಂಟೆಗೆ ನಾಲ್ಕು ಸಲ ನೀರು ಕಾಣುವ ಹಲಗೆಯನ್ನು ಯಾರು ನೋಡುತ್ತಾರೆ? ಕಣ್ಣಳತೆ ಅಕ್ಕ ನೋಡುತ್ತಾರೆ. ಹೊಸದು ಕೊಳ್ಳುವವರಿಗೆ ಅವರ ಮಾತು ಚುಟುಕು. "ಬೆರಳ ಗೆಣ್ಣಿಂದ ತಟ್ಟಿ. ಠಣ್ ಅಂದ್ರೆ ತಗೊಳ್ಳಿ, ಬೊದ್ ಅಂದ್ರೆ ಬಿಡಿ. ಮರ ಗಟ್ಟಿ ಇರ್ಬೇಕು, ಆದ್ರೆ ಚಾಕುವಿನ ಮೇಲೆ ಹಟ ಮಾಡ್ಬಾರ್ದು. ಗಾಜಿನ ಹಲಗೆ ನೋಡಕ್ಕೆ ಚೆಂದ, ಚಾಕುವಿಗೆ ಸವತಿ." ಕಲೆಯಾದರೆ ಕಲ್ಲುಪ್ಪು ಸುರಿದು ಅರ್ಧ ನಿಂಬೆಹಣ್ಣಿನಿಂದ ಉಜ್ಜಿ. ರಾತ್ರಿಯಿಡೀ ನೀರಲ್ಲಿ ನೆನೆಹಾಕಬೇಡಿ. ತೊಳೆದ ಮೇಲೆ ಅಂಗಾತ ಮಲಗಿಸಬೇಡಿ, ಅಂಚಿನ ಮೇಲೆ ನಿಲ್ಲಿಸಿ. ಬಿಸಿಲಿಗಂತೂ ಇಡಲೇಬೇಡಿ.

ಇಷ್ಟೆಲ್ಲ ಹೇಳುವವರು ಕುಳಿಯ ವಿಷಯದಲ್ಲಿ ಮಾತ್ರ ಏನೂ ಹೇಳುವುದಿಲ್ಲ, ಕೇಳುತ್ತಾರೆ. ಯಾಕೆಂದರೆ ಮೊದಲು ಕೇಳುತ್ತಿರಲಿಲ್ಲ.

ಅವರ ತಾಯಿಯದು ಹುಣಸೆ ಮರದ ಹಲಗೆ. ನಲವತ್ತು ವರ್ಷ ಒಂದೇ ಕೈಯ ಕೆಳಗೆ ಸವೆದದ್ದು. ತಾಯಿ ಎಡಗೈಯವರು, ಹಾಗಾಗಿ ಕುಳಿ ಎಡಗಡೆಗೆ. ಅವರು ತೀರಿಕೊಂಡ ಮೇಲೆ ಹಲಗೆ ಹಿರಿಮಗಳ ಮನೆಗೆ ಹೋಯಿತು. ಕಣ್ಣಳತೆ ಅಕ್ಕನಿಗೆ ಒಡಹುಟ್ಟಿದವರೆಂದರೆ ಆ ಅಕ್ಕ ಒಬ್ಬರೇ, ಏಳು ವರ್ಷಕ್ಕೆ ಹಿರಿಯರು, ಈಕೆಗೆ ತಲೆ ಬಾಚಿ ಜಡೆ ಹಾಕಿ ಬೆಳೆಸಿದವರು.

"ಅವಳ ಮನೆಗೆ ಹೋದಾಗೆಲ್ಲ ಆ ಹಲಗೆ ಕಣ್ಣು ಚುಚ್ಚೋದು. ತಗ್ಗು ಬಿದ್ದಿದೆ, ಕರೀ ಗೆರೆ ಹಿಡಿದಿದೆ. ನಾನು ಇಷ್ಟು ಜನರದ್ದು ಮಾಡ್ಕೊಡ್ತೀನಿ, ನಮ್ಮಕ್ಕಂದು ಹೀಗಿರೋದಾ ಅಂತ. ಒಂದಿನ ಕೇಳದೆ ಎತ್ಕೊಂಡು ಬಂದೆ. ಖುಷಿ ಪಡಿಸೋಣ ಅಂತ."

ಬೆರಳಿನಷ್ಟು ದಪ್ಪ ಕೀಸಿದ ಮೇಲೆ ಕುಳಿ ಹೋಯಿತು. ಹಲಗೆ ಕನ್ನಡಿಯ ಹಾಗೆ ಮಟ್ಟವಾಯಿತು. ಎರಡು ದಿನ ಎಣ್ಣೆ ಕುಡಿಸಿದರು. ಹುಡುಕಿಕೊಂಡು ಬಂದ ಅಕ್ಕನ ಕೈಗೆ ಕೊಟ್ಟರು. ಅಕ್ಕ ಹಲಗೆಯ ಎಡಗಡೆಗೆ ಅಂಗೈ ಇಟ್ಟು ಸವರಿದರು. ತಿರುಗಿಸಿ ಹಿಂಬದಿ ನೋಡಿದರು. ಮತ್ತೆ ಸವರಿದರು.

"ಚೆನ್ನಾಗಿದೆ. ಹೊಸದು ಯಾಕೆ ತಂದೆ? ಅಮ್ಮಂದು ಎಲ್ಲಿ?"

ಇದನ್ನು ಹೇಳುವಾಗ ಕಣ್ಣಳತೆ ಅಕ್ಕ ಕೀಸುಳಿಯ ಬಾಯಲ್ಲಿ ಸಿಕ್ಕ ಹುಡಿಯನ್ನು ಉಗುರಿನಿಂದ ತೆಗೆಯುತ್ತಿರುತ್ತಾರೆ. ಅಲ್ಲಿ ಹುಡಿ ಇರುವುದಿಲ್ಲ.

"ಅಮ್ಮ ಹೋದ್ಮೇಲೆ ದಿನಾ ಬೆಳಿಗ್ಗೆ ಆ ಕುಳೀಲಿ ಕೈ ಇಟ್ಟೇ ಕೆಲಸ ಶುರು ಮಾಡ್ತಿದ್ಳಂತೆ. ನಂಗೆ ಗೊತ್ತಿರ್ಲಿಲ್ಲ. ಅಮ್ಮನ ಕೈ ಅದು. ನಾನೇ ಕೀಸಿ ಕಸದ ಬುಟ್ಟಿಗೆ ಹಾಕಿದ್ದೆ. ಅಟ್ಟ ಮೇಲೆ ಒಲೆ ಉರೀತು ಅಂತಾರಲ್ಲ, ಹಾಗಾಯ್ತು ನನ್ನ ಬುದ್ಧಿ. ಮರದ ಅಳತೆ ಈ ಕಣ್ಣಿಗೆ ಸಿಗುತ್ತೆ. ಮನುಷ್ಯರದ್ದು ಸಿಗ್ಲಿಲ್ಲ."

ಅಕ್ಕ ಹಲಗೆಯನ್ನು ಒಯ್ದರು, ನೀರೂ ಕುಡಿಯದೆ. ಅದಾಗಿ ಎಂಟು ವರ್ಷ. ಇಬ್ಬರ ಮನೆಗಳ ನಡುವೆ ನಾಲ್ಕೇ ಬಸ್ ನಿಲ್ದಾಣ. ಮದುವೆ ಮನೆಗಳಲ್ಲಿ ಎದುರಾದರೆ "ಚೆನ್ನಾಗಿದ್ದೀಯಾ", "ಹೂಂ". ಅಷ್ಟೇ. ಜಗಳವಾದರೂ ಆಡಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಗಂಡ. "ಜಗಳಕ್ಕೆ ರಾಜಿ ಇರುತ್ತೆ. ಇವರದ್ದು ಜಗಳಾನೇ ಅಲ್ವಲ್ಲ." ಅಕ್ಕನ ಮನೆಯ ಕಡೆಯಿಂದ ಬರುವ ಬಸ್ಸು ಶೆಡ್ಡಿನ ಮುಂದೆಯೇ ನಿಲ್ಲುತ್ತದೆ. ಅದು ಬಂದಾಗಲೆಲ್ಲ ಈಕೆಯ ಕೀಸುಳಿ ಒಂದು ಗಳಿಗೆ ತಡೆಯುತ್ತದೆ, ಇಳಿದವರು ಯಾರೆಂದು ನೋಡಿ ಮುಂದುವರಿಯುತ್ತದೆ.

ಹತ್ತು ದಿನದ ಹಿಂದೆ ಆ ಬಸ್ಸಿನಿಂದ ಅಕ್ಕನ ಮಗಳು ಇಳಿದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹುಡುಗಿ. ಟವೆಲಿನಲ್ಲಿ ಸುತ್ತಿ ಅದೇ ಹಲಗೆ ತಂದಿದ್ದಳು. ಕೆಲಸದವಳು ಬಿಸಿಲಿಗಿಟ್ಟಿದ್ದರಿಂದ ಉದ್ದಕ್ಕೂ ಸೀಳಿತ್ತು. "ಅಮ್ಮಾನೇ ಕಳ್ಸಿದ್ದು ಚಿಕ್ಕಮ್ಮಾ," ಎಂದಳು.

ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ. ಎಡಗಡೆಗಲ್ಲ, ಬಲಗಡೆಗೆ. ಒಳಗೆ ಎರಡು ಪದ: 'ಇದನ್ನು ಮುಟ್ಟಬೇಡ'.

ಬೇರೆಯವರಿಗೆ ಅಲ್ಲಿ ಏನೂ ಕಾಣುವುದಿಲ್ಲ. ಕಣ್ಣಳತೆ ಅಕ್ಕನಿಗೆ ಕಂಡಿತು. ಎಂಟು ವರ್ಷದಲ್ಲಿ ಕಾಗದದಷ್ಟು ಆಳದ ಹೊಸ ಕುಳಿ ಬಿದ್ದಿತ್ತು, ಬಲಗೈಯವರಾದ ಅಕ್ಕನದು.

"ಎಂಟು ವರ್ಷದಲ್ಲಿ ನಂಗೆ ಅಂತ ಆಡಿದ ಮಾತು ಅದೊಂದೇ. ಬೈಗುಳಾನೇ ಇರ್ಬಹುದು. ಆದ್ರೂ ನಂಗೆ ಅಂತಾನೇ ಬರೆದಿದ್ದಲ್ವಾ?"

ಸೀಳಿನೊಳಗಿನ ಎಣ್ಣೆ ಜಿಡ್ಡು ತೆಗೆಯಲು ಎರಡು ದಿನ ಹಿಡಿಯಿತು. ಗೋಂದು ತುಂಬಿ ಬಿಗಿದು, ಹಿಂಬದಿಯಲ್ಲಿ ಚಿಟ್ಟೆಯ ಆಕಾರದ ಎರಡು ಬೆಣೆ ಕೂರಿಸಿದ್ದಾರೆ. ಮುಂಬದಿಗೆ ಕೀಸುಳಿ ತಾಗಿಸಿಲ್ಲ. ಎಣ್ಣೆಯನ್ನು ಗಂಡನಿಗೂ ಬಿಡದೆ ತಾವೇ ಹಚ್ಚಿದ್ದಾರೆ, ಸೀಮೆಸುಣ್ಣದ ಗೆರೆ ಅಳಿಯದ ಹಾಗೆ ಸುತ್ತ ಬಳಸಿ. ಆ ವೃತ್ತದೊಳಗೆ ಮಾತ್ರ ಮರ ಒಣಗಿಯೇ ಇದೆ.

ಇದನ್ನೆಲ್ಲ ಬರೆದುಕೊಳ್ಳಲು ನಾನು ಹೋದ ದಿನ ಅಕ್ಕನ ಮಗಳ ಫೋನ್ ಬರುತ್ತದೆ. ಸಂಜೆ ಡ್ಯೂಟಿ ಮುಗಿಸಿ ಒಯ್ಯುತ್ತಾಳಂತೆ.

"ನಿನ್ನ ಕೈಗೆ ಕೊಡಲ್ಲ ಕಣೇ."

"ಯಾಕೆ ಚಿಕ್ಕಮ್ಮಾ?"

"ರಿಪೇರಿ ಆದ ಹಲಗೆ ಅಲ್ಲಾಡುತ್ತಾ ಇಲ್ವಾ ಅಂತ ದಿನಾ ಹೆಚ್ಚೋರೇ ಬಂದು ನೋಡ್ಬೇಕು. ನಮ್ಮಲ್ಲಿ ನಿಯಮ ಅದು."

"ಯಾವಾಗಿಂದ?"

"ಇವತ್ತಿಂದ."

ಆಚೆಯಿಂದ ನಗು ಕೇಳಿಸುತ್ತದೆ. ಆಮೇಲೆ, "ಹೇಳ್ತೀನಿ. ಬರ್ತಾಳೆ ಅಂತ ಮಾತು ಕೊಡಲ್ಲ."

ಫೋನ್ ಕೆಳಗಿಟ್ಟ ಕಣ್ಣಳತೆ ಅಕ್ಕ ಗಂಡನನ್ನು ಮಾರುಕಟ್ಟೆಗೆ ಅಟ್ಟುತ್ತಾರೆ, ಎರಡು ಸೌತೆಕಾಯಿ ತರಲು. ಎಳೆಯವೇ ಇರಲಿ ಎಂದು ಕೂಗಿ ಹೇಳುತ್ತಾರೆ. ಅಕ್ಕ ಬಂದರೆ ಏನು ಹೇಳುತ್ತೀರಿ ಎಂದು ಕೇಳುತ್ತೇನೆ.

"ಏನೂ ಹೇಳಲ್ಲ. ನಾನು ಮಾತಾಡಿದ್ರೆ ಕೆಡಿಸ್ತೀನಿ. ಅವಳು ಹೆಚ್ಚಲಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ನಾನು ಚಿಕ್ಕೋಳಿದ್ದಾಗ ಒಂದೊಂದು ಬಿಲ್ಲೆ ನನ್ನ ಬಾಯಿಗೆ ಹಾಕ್ತಾ ಹೆಚ್ಚೋಳು. ಈಗ ಹಾಕದಿದ್ರೂ ಪರವಾಗಿಲ್ಲ. ಹೆಚ್ಚೋ ಸದ್ದು ಕೇಳಿದ್ರೆ ಸಾಕು."